ಬೀದಿಯ ಹೆಸರೂ ಒಂದು ಶಾಸನ

2024ರ ಕೊನೆಯ ವಾರಗಳಲ್ಲಿ ಮೈಸೂರಿನ ಕೆ.ಆರ್.ಎಸ್. ರಸ್ತೆಯ ಒಂದು ಭಾಗಕ್ಕೆ ಅಧಿಕಾರದಲ್ಲಿದ್ದ ಮುಖ್ಯಮಂತ್ರಿಗಳ ಹೆಸರನ್ನಿಡುವ ಪ್ರಸ್ತಾವವನ್ನು ಅಲ್ಲಿನ ಮಹಾನಗರಪಾಲಿಕೆ ಮುಂದಿಟ್ಟಿತು. ಸಾರ್ವಜನಿಕರಿಂದ ಆಕ್ಷೇಪಣೆಗಳನ್ನೂ ಕರೆಯಿತು. ಆಗ ಪಕ್ಷ ಪ್ರತಿಪಕ್ಷಗಳವರು ಆಡಿದ ಮಾತುಗಳನ್ನು ಮರೆತರೆ ನಷ್ಟವೇನೂ ಇಲ್ಲ. ಆದರೆ ಆ ಗದ್ದಲದ ನಡುವೆ ಕೇಳಿಬಂದ ಒಂದು ಪ್ರಶ್ನೆಯನ್ನು ಭಾಷೆ ಮತ್ತು ಇತಿಹಾಸದ ವಿದ್ಯಾರ್ಥಿಗಳು ಮರೆಯುವಂತಿಲ್ಲ. ಆ ರಸ್ತೆಗೆ ಮೊದಲೇ ಒಂದು ಹೆಸರಿತ್ತೇ? ಇತ್ತು, ಅದು ಪ್ರಿನ್ಸೆಸ್ ರಸ್ತೆ, ಕ್ಷಯರೋಗದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿನದು, ಅವರ ಹೆಸರಿನ ಕ್ಷಯರೋಗ ಆಸ್ಪತ್ರೆ ಇರುವುದೂ ಅದೇ ರಸ್ತೆಯಲ್ಲಿ ಎಂದು ಕೆಲವರು ಹಳೆಯ ಕಾಗದಗಳನ್ನು ತಂದು ತೋರಿಸಿದರು. ಅಧಿಕೃತ ದಾಖಲೆಯಲ್ಲಿ ಅಂಥ ಹೆಸರಿಲ್ಲವೆಂದು ಇನ್ನು ಕೆಲವರು ಸಾಧಿಸಿದರು. ಯಾರ ಮಾತು ಸರಿ ಎಂಬುದು ನನ್ನ ವಿಷಯವಲ್ಲ. ತೆರೆದು ತೋರಿಸಬಹುದಾದ ಬೀದಿ ಹೆಸರುಗಳ ಒಂದು ದಾಖಲೆ ಪುಸ್ತಕ ಇದ್ದಿದ್ದರೆ ಆ ವಿವಾದ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅರಮನೆಯ ಒಂದೊಂದು ವೆಚ್ಚವನ್ನೂ ಬರೆದಿಟ್ಟ ನಗರದಲ್ಲಿ ಬೀದಿಯ ಹೆಸರು ಬಾಯಿಮಾತಾಗಿ ಉಳಿದಿತ್ತು.

ನಮ್ಮ ಸ್ಥಳೀಯ ಸಂಸ್ಥೆಗಳ ಕಾನೂನು ಈ ವಿಷಯದಲ್ಲಿ ತೀರಾ ಮಿತಭಾಷಿ. 1964ರ ಪುರಸಭೆಗಳ ಅಧಿನಿಯಮವಾಗಲಿ 1976ರ ಮಹಾನಗರಪಾಲಿಕೆಗಳ ಅಧಿನಿಯಮವಾಗಲಿ ಬೀದಿಗೆ ಹೆಸರಿಡುವ ಮತ್ತು ಮನೆಗೆ ಸಂಖ್ಯೆ ಹಾಕುವ ಅಧಿಕಾರವನ್ನು ಸಂಸ್ಥೆಗೆ ಒಪ್ಪಿಸಿ ಸುಮ್ಮನಾಗುತ್ತವೆ. ಯಾರಿಗೆ ಅಧಿಕಾರ ಎಂಬುದು ಅಲ್ಲಿದೆ. ಇರುವ ಹೆಸರನ್ನು ಏನು ಮಾಡಬೇಕು ಎಂಬುದು ಇಲ್ಲ. ಹಳೆಯ ಹೆಸರು ಎಂದಿನದು, ಯಾವ ಭಾಷೆಯದು, ಯಾವ ಕೆರೆಯನ್ನೋ ಕಸುಬನ್ನೋ ಗುಡಿಯನ್ನೋ ಬಸದಿಯನ್ನೋ ಅದು ನೆನಪಿಸುತ್ತದೆ ಎಂದು ಕೇಳುವ ಒಂದು ಸಾಲೂ ಇಲ್ಲ. ಈ ಮೌನವನ್ನು ತುಂಬಿರುವುದು ರೂಢಿ. ಆ ರೂಢಿಯ ಪ್ರಕಾರ ಬೀದಿಯ ಹೆಸರೆಂದರೆ ಬಿರುದು. ಗಣ್ಯರಿಗೆ ಶಾಲು ಹೊದಿಸಿದಂತೆ ಅದನ್ನು ಹೊದಿಸಲಾಗುತ್ತದೆ. ಚುನಾಯಿತ ಕೌನ್ಸಿಲ್ ಇದ್ದರೆ ಅದರ ನಿರ್ಣಯದಿಂದ, ಇಲ್ಲದಿದ್ದರೆ ಅಧಿಕಾರಿಗಳ ಟಿಪ್ಪಣಿಯಿಂದ. ಮೈಸೂರಿನ ಆ ಪ್ರಸ್ತಾವ ಬಂದಾಗ ಅಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದು ಒಂದು ವರ್ಷವಾಗಿತ್ತೆಂಬುದನ್ನು ಗಮನಿಸಬೇಕು. ಊರಿನ ಪ್ರತಿನಿಧಿಗಳೇ ಇಲ್ಲದ ಹೊತ್ತಿನಲ್ಲಿಯೂ ಊರಿನ ಬೀದಿಗೆ ನಾಮಕರಣ ನಡೆಯಬಹುದು!

ಬೀದಿಯ ಹೆಸರು, ಊರಿನ ಹೆಸರು, ಕೇರಿಯ ಹೆಸರು ಮೊದಲನೆಯದಾಗಿ ದಾಖಲೆಗಳು. ಇದು ಭಾವುಕರ ಮಾತಲ್ಲ. ಕನ್ನಡ ಸಾಹಿತ್ಯ ಚರಿತ್ರೆಯ ಅತ್ಯಂತ ಮೂಲಭೂತವಾದ ಒಂದು ಭೂಪಟವೇ ಇದಕ್ಕೆ ಸಾಕ್ಷಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ನಾಲ್ಕು ಊರುಗಳಿಂದ ಗುರುತಿಸುತ್ತದೆ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದ. ತರಗತಿಯಲ್ಲಿ ನಾವು ಇದನ್ನು ಎಷ್ಟು ಸಲೀಸಾಗಿ ಹೇಳಿ ಮುಗಿಸುತ್ತೇವೆ! ಇವುಗಳಲ್ಲಿ ಕೊಪಣ ಸವೆದು ಕೊಪ್ಪಳವಾಗಿ ಉಳಿಯಿತು. ಒಕ್ಕುಂದ ಬೆಳಗಾವಿ ಸೀಮೆಯಲ್ಲಿ ವಕ್ಕುಂದವೆಂಬ ಹಳ್ಳಿಯಾಗಿ ಉಳಿಯಿತು. ಪುಲಿಗೆರೆಯ ಮೇಲೆ ಲಕ್ಷ್ಮೇಶ್ವರವೆಂಬ ಹೆಸರು ಬಂದು ಕೂತಿತು, ಕಿಸುವೊಳಲು ಪಟ್ಟದಕಲ್ಲಾಯಿತು. ಮೊದಲಿನ ಎರಡನ್ನು ಊರಿನವರ ನಾಲಗೆಯೇ ಕಾಪಾಡಿಕೊಟ್ಟಿತು. ಉಳಿದೆರಡನ್ನು ಗುರುತಿಸಲು ಶಾಸನಗಳ ಸಾಕ್ಷ್ಯ ಬೇಕಾಯಿತು. ಕಲ್ಲಿನ ಮೇಲೆ ಹಳೆಯ ಹೆಸರನ್ನು ಬರೆದಿಟ್ಟವರಿದ್ದರು, ಆದ್ದರಿಂದ ನಾವು ಬದುಕಿದೆವು. ವಕ್ಕುಂದದಂಥ ಸಣ್ಣ ಹಳ್ಳಿಯಲ್ಲಿ ನಾಮಕರಣೋತ್ಸಾಹದ ಸಮಿತಿಯೊಂದು ನಡುವೆ ಯಾವಾಗಲಾದರೂ ಹುಟ್ಟಿಕೊಂಡಿದ್ದರೆ ತಿರುಳ್ಗನ್ನಡದ ಒಂದು ಮೂಲೆಯನ್ನು ನಾವು ಇಂದಿಗೂ ಹುಡುಕುತ್ತಿರುತ್ತಿದ್ದೆವು.

ಶಂ. ಬಾ. ಜೋಶಿಯವರು ತಮ್ಮ ಒಂದು ಕೃತಿಗೆ 'ಎಡೆಗಳು ಹೇಳುವ ಕಂನಾಡ ಕಥೆ' ಎಂದೇ ಹೆಸರಿಟ್ಟರು. ಗ್ರಂಥಗಳು ಹೇಳದ ಕಥೆಯನ್ನು ಎಡೆಗಳು ಹೇಳುತ್ತವೆ ಎಂಬ ನಂಬಿಕೆ ಅದರ ಹಿಂದಿದೆ. ಅವರ ತೀರ್ಮಾನಗಳಲ್ಲಿ ಕೆಲವನ್ನು ಇಂದು ಒಪ್ಪದೆ ಇರಬಹುದು, ವಿಧಾನವನ್ನು ಅಲ್ಲಗಳೆಯಲಾಗದು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಬಸದಿಗಳು ಇಂದಿಗೂ ನಿಂತಿರುವುದರಿಂದ ಹೆಸರಿಗೂ ಕಟ್ಟಡಕ್ಕೂ ತಾಳೆ ಸಿಗುತ್ತದೆ. ಬಸದಿ ಎಂದೋ ಬಿದ್ದುಹೋಗಿ ಹೊಲದ ಹೆಸರಾಗಿ ಮಾತ್ರ ಉಳಿದಿರುವ ಕಡೆಗಳಲ್ಲಿ ಆ ಹೆಸರೇ ಕೊನೆಯ ಗೋಡೆ. ಅದನ್ನು ಕೆಡವಿದರೆ ಅಗೆದು ನೋಡಬೇಕಾದ ಜಾಗ ಯಾವುದೆಂದೂ ತಿಳಿಯುವುದಿಲ್ಲ. ತಾಳೆಗರಿಯ ಪ್ರತಿಕಾರರು ಕೊನೆಯಲ್ಲಿ ಸಂವತ್ಸರ, ತಿಥಿ, ವಾರಗಳೊಡನೆ ತಾವು ಕುಳಿತು ಬರೆದ ಊರನ್ನೂ ಬಸದಿಯನ್ನೂ ಹೇಳುವ ವಾಡಿಕೆಯುಂಟು. ಹಸ್ತಪ್ರತಿಗಳ ಕೆಲಸ ಮಾಡಿದವರಿಗೆಲ್ಲ ಗೊತ್ತು, ಆ ಊರನ್ನು ಇಂದಿನ ನಕ್ಷೆಯಲ್ಲಿ ಹುಡುಕುವುದರಲ್ಲಿಯೇ ಎಷ್ಟು ದಿನಗಳು ಕಳೆಯುತ್ತವೆ ಎಂದು.

ನಮ್ಮ ಪೂರ್ವಿಕರಿಗೆ ವಿಳಾಸದ ಕಲ್ಪನೆ ಇರಲಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ದಾನಶಾಸನಗಳ ಗದ್ಯಭಾಗವನ್ನು ಓದದೆ ಹಾರಿಸಿ ಪ್ರಶಸ್ತಿಯ ವೃತ್ತಗಳಿಗೆ ನುಗ್ಗುವ ವಿದ್ಯಾರ್ಥಿಗಳು ಒಮ್ಮೆ ಆ ಎಲ್ಲೆಗಳ ವಿವರವನ್ನು ಸಾವಧಾನವಾಗಿ ಓದಬೇಕು. ಮೂಡಲು ಇಂಥ ಕೆರೆಯ ಕೋಡಿ, ತೆಂಕಲು ಇಂಥ ಹಳ್ಳ, ಪಡುವಲು ಇಂಥವರ ಕೆಯ್, ಬಡಗಲು ಇಂಥ ಊರಿನ ದಾರಿ ಎಂದು ಚತುಸ್ಸೀಮೆಯನ್ನು ಹೇಳಿ, ಕಲ್ಲು ನೆಟ್ಟು, ಅದರ ಮೇಲೆ ಗುರುತನ್ನೂ ಕೆತ್ತುತ್ತಿದ್ದರು. ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು, ಶೈವ ದೇವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವ ದತ್ತಿಗೆ ಚಕ್ರದ ಇಲ್ಲವೆ ವಾಮನನ ಕಲ್ಲು. ಮನೆಯ ನಿವೇಶನವನ್ನು ದಾನ ಕೊಡುವಾಗ ಅದರ ಅಳತೆಯನ್ನೂ ನಮೂದಿಸಿದ ಶಾಸನಗಳಿವೆ. ಇಂದು ನಗರಾಭಿವೃದ್ಧಿ ಪ್ರಾಧಿಕಾರಗಳು ಹಂಚುವ 'ನಿವೇಶನ' ಅದೇ ಹಳೆಯ ಮಾತು. ಮಾತು ಉಳಿಯಿತು, ಅದರ ಸುತ್ತಲಿನ ಕೆರೆ, ಕೋಡಿ, ಹಳ್ಳ, ದಾರಿಗಳ ಹೆಸರುಗಳು ಉದುರಿಹೋಗಿ 'ನಿವೇಶನ ಸಂಖ್ಯೆ' ಎಂಬುದಷ್ಟೇ ನಿಂತಿತು.

ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯನ್ನು ಈ ಲೇಖನದ ಓದುಗರಲ್ಲಿ ಬಹುಮಂದಿ ಬಲ್ಲರು. ಆ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿದವರು ಕಡಿಮೆ. ಬೈರಸಂದ್ರ, ತಾವರೆಕೆರೆ, ಮಡಿವಾಳ. 'ಸಂದ್ರ' ಎಂಬುದು ಸಮುದ್ರ ಎಂಬುದರ ಸವಕಳಿ ರೂಪ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಶಾಸನಗಳಲ್ಲಿ ಹಳೆಯ ರೂಢಿ. ದೋರಸಮುದ್ರ ಅದಕ್ಕೆ ಪ್ರಸಿದ್ಧ ನಿದರ್ಶನ. ಸಿಂಗಸಂದ್ರ, ಜಕ್ಕಸಂದ್ರ, ಬೊಮ್ಮಸಂದ್ರ, ತಿಪ್ಪಸಂದ್ರಗಳೆಲ್ಲ ಇದೇ ಕುಲದವು. ತಾವರೆಕೆರೆಗೆ ವಿವರಣೆ ಬೇಡ. ಮಡಿವಾಳವೆಂಬುದು ಬಟ್ಟೆಯನ್ನು ಮಡಿ ಮಾಡುವವರ ಹೆಸರು. ಆ ಕಸುಬಿಗೆ ಬೇಕಾದ ನೀರಿನ ದೊಡ್ಡ ಕೆರೆ ಪಕ್ಕದಲ್ಲಿಯೇ ಇದೆ. ಅಂದರೆ ಮೂರೂ ನೀರಿನ ಹೆಸರುಗಳು. ಒಂದು ಪ್ರದೇಶದ ಜಲವಿನ್ಯಾಸವನ್ನೇ ಹೇಳುತ್ತಿದ್ದ ಮೂರು ಕನ್ನಡ ಪದಗಳನ್ನು ಮೂರು ರೋಮನ್ ಅಕ್ಷರಗಳಿಗೆ ಇಳಿಸಿದ್ದು ಯಾವ ಪರಕೀಯ ಆಳರಸನೂ ಅಲ್ಲ. ಸ್ವತಂತ್ರ ಭಾರತದಲ್ಲಿ, ಕನ್ನಡ ಆಡಳಿತಭಾಷೆಯಾಗಿರುವ ರಾಜ್ಯದಲ್ಲಿ, ಬಡಾವಣೆಯ ನಕ್ಷೆ ಬರೆದ ಕಚೇರಿಯ ಕೆಲಸವದು. ಎಚ್.ಎಸ್.ಆರ್. ಎಂಬುದಂತೂ ಊರುಗಳ ಹೆಸರೂ ಅಲ್ಲ. ಹೊಸೂರು ಮತ್ತು ಸರ್ಜಾಪುರಗಳ ಕಡೆಗೆ ಹೋಗುವ ರಸ್ತೆಗಳ ಹೆಸರು. ಅಲ್ಲಿ ವಾಸಿಸುವವರು ಬೇರೆಲ್ಲಿಗೋ ಹೋಗುವ ದಾರಿಯನ್ನು ತಮ್ಮ ವಿಳಾಸವೆಂದು ಬರೆಯುತ್ತಾರೆ.

ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಹೋದ ಕೆರೆ ಮರಳುವುದಿಲ್ಲ. ಆದರೆ ಮೆಜೆಸ್ಟಿಕ್ಕಿನ ಬದಿಯಲ್ಲಿ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರಿರುವತನಕ, ಸಂಪಂಗಿರಾಮನಗರ ಎಂಬ ಹೆಸರಿರುವತನಕ, ಏರಿಯೇ ಕಾಣದ ಜಾಗದಲ್ಲಿ ಏರಿ ಎಲ್ಲಿತ್ತು ಎಂದು ಕೇಳುವ ಹುಡುಗನೊಬ್ಬ ಹುಟ್ಟಬಹುದು. ನಾಳೆ ಆ ರಸ್ತೆಗೂ ಯಾರೋ ಗಣ್ಯರ ಹೆಸರು ಬಿದ್ದರೆ ಆ ಪ್ರಶ್ನೆ ಹುಟ್ಟುವುದಿಲ್ಲ.

ಗಣ್ಯರನ್ನು ಸ್ಮರಿಸುವುದು ಬೇಡವೇ ಎಂದು ಕೇಳುವವರಿದ್ದಾರೆ. ಸ್ಮರಣೆ ನಿಜವಾಗಿ ಆಗುತ್ತಿದೆಯೇ ಎಂಬುದನ್ನು ಅವರು ಮೊದಲು ನೋಡಲಿ. ರವೀಂದ್ರನಾಥ ಟಾಗೋರರ ಹೆಸರಿನ ನಗರ ಆರ್.ಟಿ. ನಗರವಾಯಿತು. ಜಯಪ್ರಕಾಶ ನಾರಾಯಣರ ಹೆಸರಿನದು ಜೆ.ಪಿ. ನಗರ. ಕೃಷ್ಣರಾಜಪುರ ಕೆ.ಆರ್. ಪುರ. ಮಹಾತ್ಮರ ರಸ್ತೆಯನ್ನು ಎಂ.ಜಿ. ಎನ್ನದೆ ಪೂರ್ತಿ ಹೆಸರಿನಿಂದ ಕರೆಯುವ ಒಬ್ಬ ಆಟೋ ಚಾಲಕನನ್ನು ತೋರಿಸಿರಿ. ನಾನು ಪದವಿ ತರಗತಿಯಲ್ಲಿ ಆರ್.ಟಿ. ಎಂದರೇನೆಂದು ಕೇಳಿದಾಗ ಬಂದ ಉತ್ತರಗಳಲ್ಲಿ ಸಾರಿಗೆ ಇಲಾಖೆಗೆ ಸಂಬಂಧಪಟ್ಟದ್ದೂ ಒಂದಿತ್ತು. ಗೌರವಿಸಲು ಹೊರಟು ಕವಿಯನ್ನು ಎರಡಕ್ಷರಕ್ಕೆ ಇಳಿಸಿದ ಮೇಲೆ ಅಲ್ಲಿ ಕವಿಯೂ ಇಲ್ಲ, ಕವಿಗಿಂತ ಮೊದಲು ಆ ನೆಲಕ್ಕಿದ್ದ ಹೆಸರೂ ಇಲ್ಲ. ಎರಡು ಮರೆವುಗಳನ್ನು ಒಂದೇ ಫಲಕದಲ್ಲಿ ಬರೆದಂತಾಯಿತು.

ಇನ್ನು ಕೆಲವರ ವಾದ, ಇಂಗ್ಲಿಷರ ಹೆಸರುಗಳು ಹೋಗಲೇಬೇಕಲ್ಲವೇ ಎಂಬುದು. ಹೋಗಲಿ. ಸೌತ್ ಪರೇಡ್ ಮಹಾತ್ಮ ಗಾಂಧಿ ರಸ್ತೆಯಾಗಿದೆ, ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು ಬಂದಿದೆ (ಜನ ಇಂದಿಗೂ ರೆಸಿಡೆನ್ಸಿ ಎನ್ನುವುದು ಬೇರೆ ಮಾತು). ಆದರೆ ಈ ಉತ್ಸಾಹದ ಪ್ರಾಮಾಣಿಕತೆಯನ್ನು ಅಳೆಯಲು ಒಂದು ರಸ್ತೆ ಸಾಕು. ಕೆಂಪೇಗೌಡರ ಪೇಟೆಯ ನಡುಬೀದಿ ದೊಡ್ಡಪೇಟೆ. ಇಂಗ್ಲಿಷರ ಕಾಲದಲ್ಲಿ ಅದು ಅವೆನ್ಯೂ ರಸ್ತೆಯಾಯಿತು. ಅದನ್ನು ಅಡ್ಡಹಾಯುವ ಚಿಕ್ಕಪೇಟೆ ಚಿಕ್ಕಪೇಟೆಯಾಗಿಯೇ ಉಳಿಯಿತು. ಯಾವುದಕ್ಕಿಂತ ಚಿಕ್ಕದು ಎಂದು ಕೇಳಿದರೆ ಉತ್ತರ ಹೇಳಬೇಕಾದ ದೊಡ್ಡಪೇಟೆ ಫಲಕಗಳಿಂದ ಕಾಣೆಯಾಗಿದೆ. ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ಕಳೆದರೂ ಇಂಗ್ಲಿಷ್ ಹೆಸರನ್ನು ತೆಗೆದು ಕನ್ನಡದ ಹಳೆಯ ಹೆಸರನ್ನು ಮರಳಿಸುವ ಆತುರ ಯಾರಿಗೂ ಕಾಣಲಿಲ್ಲ. ಏಕೆಂದರೆ 'ದೊಡ್ಡಪೇಟೆ'ಗೆ ಅಭಿಮಾನಿ ಸಂಘವಿಲ್ಲ, ಜಯಂತಿಯಿಲ್ಲ, ಮತವಿಲ್ಲ. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಹೆಸರುಗಳನ್ನು ಜನರ ಉಚ್ಚಾರಣೆಗೆ ಹೊಂದಿಸಿದಾಗ ಸರ್ಕಾರ ಒಂದು ಒಳ್ಳೆಯ ತತ್ತ್ವವನ್ನು ಒಪ್ಪಿತ್ತು: ಊರಿನವರು ಏನೆನ್ನುತ್ತಾರೋ ಅದೇ ಊರಿನ ಹೆಸರು. ಬೆಳಗಾವಿಗೂ ಬಳ್ಳಾರಿಗೂ ಸಲ್ಲುವ ಈ ತತ್ತ್ವ ಒಂದು ಬೀದಿಗೆ ಏಕೆ ಸಲ್ಲಬಾರದು?

ಹೆಸರಿಡಲು ಬಾರದ ಕಡೆ ನಮ್ಮ ಆಡಳಿತ ಸಂಖ್ಯೆಯನ್ನೂ ದಿಕ್ಕನ್ನೂ ಇಡುತ್ತದೆ. ಐದನೆಯ ಅಡ್ಡರಸ್ತೆ, ಮೂರನೆಯ ಮುಖ್ಯರಸ್ತೆ, ಎರಡನೆಯ ಹಂತ, ನಾಲ್ಕನೆಯ ಬ್ಲಾಕು. 1898ರ ಪ್ಲೇಗಿನ ಕಾಲದಲ್ಲಿ ತರಾತುರಿಯಿಂದ ಮಲ್ಲೇಶ್ವರ, ಬಸವನಗುಡಿಗಳನ್ನು ಕಟ್ಟಿದವರು ಅಡ್ಡರಸ್ತೆಗಳನ್ನು ಎಣಿಸಿದ್ದನ್ನು ಅರ್ಥಮಾಡಿಕೊಳ್ಳಬಹುದು. ಅವರೂ ಸಂಪಿಗೆ ರಸ್ತೆ ಎಂಬಂಥ ಹೆಸರಿಗೆ ಎಡೆ ಬಿಟ್ಟರು. ಇಂದಿನವರಿಗೆ ಆ ಆತುರವೂ ಇಲ್ಲ, ಆ ಔದಾರ್ಯವೂ ಇಲ್ಲ. ಸಂಖ್ಯೆಯಾದರೂ ಸ್ಥಿರವೇ? ನಾನಿರುವ ಮನೆಗೆ ಬಡಾವಣೆಯ ನಿವೇಶನ ಸಂಖ್ಯೆಯೊಂದು, ಹಳೆಯ ಖಾನೇಶುಮಾರಿ ಸಂಖ್ಯೆಯೊಂದು, ತೆರಿಗೆಯ ರಸೀತಿಯಲ್ಲಿ ಮತ್ತೊಂದು. ಮೂರನ್ನೂ ಬರೆದರೆ ಅಂಚೆಯಣ್ಣ ನಗುತ್ತಾನೆ. ಅವನು ನಮ್ಮನ್ನು ಗುರುತಿಸುವುದು ಎದುರಿನ ಹೊಂಗೆಮರದಿಂದ. ದಿಕ್ಕುಗಳ ಪಾಡು ಇನ್ನೂ ವಿಚಿತ್ರ. 2025ರಲ್ಲಿ ಬೆಂಗಳೂರು ಐದು ನಗರಪಾಲಿಕೆಗಳಾಗಿ ಒಡೆಯಿತು. ಅವುಗಳಿಗೆ ಕೊಟ್ಟ ಹೆಸರುಗಳು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಅದೇ ವರ್ಷ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಬೆಂಗಳೂರು ದಕ್ಷಿಣವೆಂಬ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲಿ ಮೊದಲೇ ಇತ್ತು. ಬೆಂಗಳೂರು ದಕ್ಷಿಣವೆಂಬ ಲೋಕಸಭಾ ಕ್ಷೇತ್ರವೂ ಇದೆ. ಒಂದೇ ಹೆಸರಿಗೆ ಈಗ ನಾಲ್ಕು ಎಲ್ಲೆಗಳು, ನಾಲ್ಕೂ ಬೇರೆ ಬೇರೆ. ಶಾಸನಕಾರನಿಗೆ ದಿಕ್ಕು ಬೇಕಾಗಿದ್ದದ್ದು ಹೆಸರುಳ್ಳ ಕೆರೆಯನ್ನೋ ಬೆಟ್ಟವನ್ನೋ ತೋರಿಸಲು. ನಮಗೆ ದಿಕ್ಕೇ ಹೆಸರು.

ರಾಮನಗರಕ್ಕೆ ಮೊದಲು ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆಡಳಿತದ ಕಾಗದಗಳಿಂದ ಆ ಹೆಸರು ಹೋಗಿ ಬಹಳ ಕಾಲವಾಯಿತು. ಭೂವಿಜ್ಞಾನಿಗಳು ಮಾತ್ರ ಅಲ್ಲಿನ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಹೆಸರನ್ನು ಬದಲಿಸಿದರೆ ಹಿಂದಿನ ಬರೆಹಗಳೊಡನೆ ಸಂಬಂಧ ಕಡಿಯುತ್ತದೆಂಬ ವಿವೇಕ ಅವರಿಗಿದೆ.

ಸಂಖ್ಯೆ ಬೇಕೆನ್ನುವವರಿಗೆ ಒಂದು ಸಮಾಧಾನವನ್ನೂ ಹೇಳುತ್ತೇನೆ. ಜಾಗವನ್ನು ಹುಡುಕುವ ಕೆಲಸ ಈಗ ಬೀದಿಯ ಹೆಸರಿನ ಹೆಗಲ ಮೇಲಿಲ್ಲ. 1972ರಲ್ಲಿ ಪಿನ್‌ಕೋಡ್ ಬಂದಿತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತದ ಕವಿಯೂ ಆಗಿದ್ದರೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದಿರಲಿ. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬ ವ್ಯವಸ್ಥೆಯನ್ನು ಹೊರತಂದಿತು. ದೇಶದ ನೆಲವನ್ನೆಲ್ಲ ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ವಿಭಜಿಸಿ ಪ್ರತಿಯೊಂದಕ್ಕೂ ಅಕ್ಷರ, ಅಂಕಿಗಳು ಕೂಡಿದ 10 ಸ್ಥಾನಗಳ ಗುರುತನ್ನು ಅದು ಕೊಡುತ್ತದೆ. ಆಂಬುಲೆನ್ಸಿಗೂ ಪಾರ್ಸೆಲ್ಲಿಗೂ ಅದು ಸಾಕು. ಹಾಗಿದ್ದ ಮೇಲೆ 'ಐದನೆಯ ಅಡ್ಡರಸ್ತೆ'ಯನ್ನು ಉಳಿಸಿಕೊಳ್ಳಲು ಇರುವ ಕಾರಣವೇನು?

ಒಂದು ಆಕ್ಷೇಪ ಮಾತ್ರ ಗಂಭೀರವಾದದ್ದು. ಅದನ್ನು ಹಗುರವಾಗಿ ದಾಟುವಂತಿಲ್ಲ. ಹಳೆಯ ಹೆಸರುಗಳಲ್ಲಿ ಎಷ್ಟೋ ಜಾತಿಯ ಹೆಸರುಗಳು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆಗಳಲ್ಲಿ ಕಸುಬಿನ ಚರಿತ್ರೆಯಿದೆ ಎಂದು ನಾವು ಮೆಚ್ಚಬಹುದು. ಆದರೆ ಊರ ಹೊರಗಿನ ಕೇರಿಗೆ ಊರೊಳಗಿನವರು ಅವಮಾನಿಸಲೆಂದೇ ಇಟ್ಟ ಹೆಸರನ್ನು ಅರ್ಜಿಯ ಪ್ರತಿ ನಮೂನೆಯಲ್ಲಿ ಬರೆಯಬೇಕಾದ ಹುಡುಗಿಗೆ ನನ್ನ ಸ್ಥಳನಾಮ ಶಾಸ್ತ್ರದಿಂದ ಆಗಬೇಕಾದ್ದೇನೂ ಇಲ್ಲ. ಆ ಹೆಸರು ಫಲಕದಿಂದಲೂ ವಿಳಾಸದಿಂದಲೂ ಹೋಗಬೇಕು. ಅದನ್ನು ನಿರ್ಧರಿಸಬೇಕಾದವರು ಆ ಕೇರಿಯವರು. ಸಂಶೋಧಕರ ಅಪ್ಪಣೆ ಬೇಕಾಗಿಲ್ಲ. ಬದಲಿಗೆ ಬರುವ ಹೆಸರೂ ಅವರದೇ ಆಗಬೇಕು, ವಾರ್ಡಿನ ಪ್ರಬಲರದ್ದಲ್ಲ. ಹೋದ ಹೆಸರು ದಾಖಲೆ ಪುಸ್ತಕದಲ್ಲಿ, ಏಕೆ ಹೋಯಿತೆಂಬ ಕಾರಣದೊಡನೆ, ಉಳಿಯಲಿ. ಅವಮಾನ ನಡೆದಿತ್ತೆಂಬುದಕ್ಕೆ ಅದೂ ಸಾಕ್ಷ್ಯ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ 'ಊರುಕೇರಿ' ಎಂದು ಹೆಸರಿಟ್ಟದ್ದನ್ನು ನೆನೆಯಿರಿ. ಅವರು ಆ ಪದವನ್ನು ಅಳಿಸಲಿಲ್ಲ, ತಮ್ಮದಾಗಿಸಿಕೊಂಡರು. ಆ ಹಕ್ಕು ಅವರದು. ಕೆರೆಯ ಹೆಸರನ್ನು ಅಳಿಸಿ ನಾಯಕರ ಹೆಸರನ್ನಿಡುವವರು ಈ ನ್ಯಾಯವನ್ನು ತಮ್ಮ ಬೆನ್ನಿಗೆ ಕರೆದುಕೊಳ್ಳಬಾರದು. ತಾವರೆಕೆರೆಯಿಂದ ಯಾರಿಗೂ ಅವಮಾನವಾಗಿಲ್ಲ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ತನ್ನ ವ್ಯಾಪ್ತಿಯ ಬೀದಿ, ಕೇರಿ, ಕೆರೆ, ಬಾವಿ, ಹೊಲಗಳ ಬಳಕೆಯ ಹೆಸರುಗಳ ಪುಸ್ತಕವೊಂದನ್ನು ಇಡಬೇಕೆಂದು ಕಾನೂನಿನಲ್ಲಿಯೇ ಸೇರಲಿ. ಹೆಸರು ಬದಲಿಸುವ ಪ್ರಸ್ತಾವದ ಜೊತೆಗೆ ಇರುವ ಹೆಸರಿನ ಚರಿತ್ರೆಯನ್ನು ಭಾಷೆ ಇತಿಹಾಸ ಬಲ್ಲವರಿಂದ ಬರೆಸಿ ಕನ್ನಡದಲ್ಲಿ ಪ್ರಕಟಿಸುವುದು ಕಡ್ಡಾಯವಾಗಲಿ. ಆ ಪುಟ ಇಲ್ಲದ ಆಕ್ಷೇಪಣೆಯ ಕರೆ ಊರಿನವರನ್ನು ಕತ್ತಲಲ್ಲಿ ನಿಲ್ಲಿಸಿ ಅಭಿಪ್ರಾಯ ಕೇಳಿದಂತೆ. ಬದುಕಿರುವವರ ಹೆಸರು ಬೇಡ. ಬದಲಾದ ಕಡೆ ಫಲಕದ ಕೆಳಸಾಲಿನಲ್ಲಿ ಹಿಂದಿನ ಹೆಸರು ಇರಲಿ. ಹೊಸ ಬಡಾವಣೆಗಳಿಗೆ ಹೆಸರು ಹುಡುಕಲು ಗಣ್ಯರ ಪಟ್ಟಿ ತೆರೆಯಬೇಕಾಗಿಲ್ಲ. ಅದೇ ನೆಲದ ಹಳೆಯ ಗ್ರಾಮನಕ್ಷೆ ತೆರೆದರೆ ಕೆರೆ, ಹಳ್ಳ, ಗುಂಡುತೋಪು ಸಿಗುತ್ತವೆ, ಉಳಿದದ್ದನ್ನು ಅಲ್ಲಿ ಉಳುಮೆ ಮಾಡಿದ ಮುದುಕರು ಹೇಳುತ್ತಾರೆ. ಮೊಟಕು ಅಕ್ಷರಗಳಂತೂ ಯಾವ ಫಲಕದ ಮೇಲೂ ಇರಕೂಡದು.

ಕಾನೂನು ಬದಲಾಗುವತನಕ ಕಾಯುವ ಅಗತ್ಯ ನಮ್ಮ ಕನ್ನಡ ವಿಭಾಗಗಳಿಗಿಲ್ಲ. ಈಗಾಗಲೇ ನೂರು ಜನ ಬರೆದು ಮುಗಿಸಿದ ವಿಷಯದ ಮೇಲೆ ನೂರೊಂದನೆಯ ಕಿರುಪ್ರಬಂಧವನ್ನು ಬರೆಸುವ ಬದಲು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದೊಂದು ವಾರ್ಡನ್ನು ಒಪ್ಪಿಸಬಹುದು. ಹಳೆಯ ಕ್ರಯಪತ್ರಗಳ ಚಕ್ಕುಬಂದಿ, ಶಾಸನ ಸಂಪುಟಗಳು, ಹಳೆಯ ಮುದ್ರಿತ ಪುಸ್ತಕಗಳ ಒಳಪುಟದಲ್ಲಿರುವ ಅಚ್ಚುಕೂಟದ ವಿಳಾಸ, ಮನೆಮನೆಯ ಹಿರಿಯರ ಮಾತು, ಇಷ್ಟನ್ನು ಒಂದು ವಾರ್ಡಿಗೆ ಕೂಡಿಸಲು ಒಂದು ಶೈಕ್ಷಣಿಕ ವರ್ಷ ಸಾಕು. ಬೆಂಗಳೂರಿನ ಐದು ಪಾಲಿಕೆಗಳು ಹೊಸ ಕಡತಗಳನ್ನು ತೆರೆಯುತ್ತಿರುವ ಈ ದಿನಗಳಲ್ಲಿಯೇ ಆ ಕೆಲಸ ಶುರುವಾಗಬೇಕು. ನನ್ನ ತರಗತಿಯವರಿಗೆ ಈ ವರ್ಷ ಕೊಟ್ಟಿರುವ ಮೊದಲ ಕೆಲಸ ಅವರವರ ಮನೆ ನಿಂತಿರುವ ನೆಲಕ್ಕೆ ಬಡಾವಣೆಗಿಂತ ಮೊದಲು ಇದ್ದ ಹೆಸರನ್ನು ಕಂಡುಹಿಡಿದು ತರುವುದು.